ಅಂತರ ಕಡಿಮೆ, ಸಮಯ ಇನ್ನೂ ಕಡಿಮೆ: ಬ್ಯಾಸ್ಕೆಟ್‌ಬಾಲ್ ಪಂದ್ಯದ ಕೊನೆಯಲ್ಲಿ ದಾಳಿಯ ತಂತ್ರವನ್ನು ಆರಿಸುವ ಬಗೆ

ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಕೊನೆಯ ಎರಡು ನಿಮಿಷ ಉಳಿದು, ಎರಡು ತಂಡಗಳ ನಡುವಿನ ಅಂತರ ಮೂರು ನಾಲ್ಕು ಅಂಕಗಳಷ್ಟೇ ಇದ್ದಾಗ, ತರಬೇತುದಾರರು ಎಲ್ಲಕ್ಕಿಂತ ಮೊದಲು ಎಣಿಸಬೇಕಾದದ್ದು ಚೆಂಡು ಇನ್ನೆಷ್ಟು ಸಲ ತಮ್ಮ ತಂಡದ ಕೈಗೆ ಬರಬಹುದು ಎಂಬುದನ್ನು. ಹೀಗೆ ಚೆಂಡು ಕೈಗೆ ಬಂದು ಹೋಗುವ ಒಂದೊಂದು ಸರದಿಯನ್ನು ಪೊಸೆಷನ್ ಎನ್ನುತ್ತಾರೆ. ಶಾಟ್ ಯಾರು ಹೊಡೆಯಬೇಕು, ಎರಡು ಅಂಕಕ್ಕೆ ಹೋಗಬೇಕೋ ಮೂರಕ್ಕೋ, ಬೇಗ ಹೊಡೆಯಬೇಕೋ ಕಾಯಬೇಕೋ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಟ್ಟುವುದು ಈ ಎಣಿಕೆಯಿಂದಲೇ. ತಂಡದ ಅತ್ಯುತ್ತಮ ಆಟಗಾರನ ಕೈಗೆ ಚೆಂಡು ಕೊಟ್ಟು, ಉಳಿದ ನಾಲ್ವರು ಪಕ್ಕಕ್ಕೆ ಸರಿದು ನೋಡುತ್ತ ನಿಲ್ಲುವ ಪದ್ಧತಿ ಎಷ್ಟೇ ಜನಪ್ರಿಯವಾಗಿದ್ದರೂ, ಅದರಲ್ಲಿ ಆಯ್ಕೆಯ ಹೊಣೆಯನ್ನು ಒಬ್ಬನ ತಲೆಗೆ ಕಟ್ಟಿದ್ದು ಬಿಟ್ಟರೆ ತಂತ್ರವೆಂಬುದು ಹೆಚ್ಚೇನೂ ಇರುವುದಿಲ್ಲ.

ಮೊದಲು ಹಾಕಬೇಕಾದ ಲೆಕ್ಕ

ಅಂಕದ ಅಂತರ, ಉಳಿದ ಸಮಯ, ಎರಡೂ ತಂಡಗಳ ಫೌಲ್‌ಗಳು ಮತ್ತು ಉಳಿದ ಟೈಮ್‌ಔಟ್‌ಗಳು ಬೆಂಚಿನಲ್ಲಿರುವ ಒಬ್ಬರಿಗಾದರೂ ಸದಾ ಬಾಯಿಪಾಠವಾಗಿರಬೇಕು. ಅಂತರರಾಷ್ಟ್ರೀಯ ಒಕ್ಕೂಟವಾದ ಫೀಬಾದ ನಿಯಮದಂತೆ ಆಡುವ ಪಂದ್ಯದಲ್ಲಿ 10 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಿರುತ್ತವೆ. ಚೆಂಡು ಕೈಗೆ ಬಂದ 24 ಸೆಕೆಂಡ್‌ಗಳೊಳಗೆ ಶಾಟ್ ಹೊಡೆಯಬೇಕು. ಶಾಟ್ ರಿಂಗ್‌ಗೆ ತಾಗಿ ಹಿಂದಿರುಗಿದ ಚೆಂಡನ್ನು ದಾಳಿ ಮಾಡುತ್ತಿರುವ ತಂಡವೇ ಹಿಡಿದರೆ ಅದಕ್ಕೆ 14 ಸೆಕೆಂಡ್ ಮಾತ್ರ ಸಿಗುತ್ತದೆ. ಒಂದು ಕ್ವಾರ್ಟರ್‌ನಲ್ಲಿ ತಂಡವೊಂದು ನಾಲ್ಕು ಫೌಲ್ ಮಾಡಿದ ಬಳಿಕ, ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಒಂದೊಂದು ಅಂಕಕ್ಕೆ ಹೊಡೆಯುವ ಅವಕಾಶ) ದೊರೆಯುತ್ತವೆ. ಕೊನೆಯ ಎರಡು ನಿಮಿಷಗಳಲ್ಲಿ ಪ್ರತಿ ಬಾಸ್ಕೆಟ್ ಬಿದ್ದಾಗಲೂ ಪಂದ್ಯದ ಗಡಿಯಾರ ನಿಲ್ಲುವುದರಿಂದ, ಅದಕ್ಕೆ ಮೊದಲಿನ 38 ನಿಮಿಷಗಳ ಸಮಯದ ಅಂದಾಜು ಇಲ್ಲಿ ನಡೆಯುವುದಿಲ್ಲ. ಎದುರಾಳಿ ತಂಡ ಇನ್ನೂ ಎರಡೇ ಫೌಲ್ ಮಾಡಿದೆ ಎಂದಾದರೆ ಅದು ಫ್ರೀ ಥ್ರೋ ಕೊಡದೆಯೇ ಮತ್ತೆರಡು ಸಲ ನಿಮ್ಮ ಆಟವನ್ನು ಮುರಿಯಬಲ್ಲದು. ಆಗ ಎಂಟು ಸೆಕೆಂಡ್ ಉಳಿದಿರುವಾಗ ಆರಂಭವಾಗುವ ಉದ್ದದ ಪ್ಲೇ (ಮೊದಲೇ ರೂಪಿಸಿಟ್ಟ ದಾಳಿಯ ಯೋಜನೆ) ಒಂದನ್ನು ನೆಚ್ಚಿಕೊಳ್ಳುವುದು ಅಪಾಯಕಾರಿ.

ಈ ಎಣಿಕೆ ಬೆಂಚಿನಲ್ಲಿದ್ದರೆ ಸಾಲದು, ಅಂಗಳದಲ್ಲಿರುವ ಐವರಿಗೂ ತಲುಪಿರಬೇಕು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ 2018ರ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ, 107–107 ಸಮವಾಗಿದ್ದಾಗ, ಕ್ಲೀವ್‌ಲ್ಯಾಂಡ್ ತಂಡದ ಫ್ರೀ ಥ್ರೋ ಒಂದು ತಪ್ಪಿ ಅದೇ ತಂಡದ ಜೆ. ಆರ್. ಸ್ಮಿತ್ ಕೈಗೆ ರೀಬೌಂಡ್, ಅಂದರೆ ಹಿಂದಿರುಗಿದ ಚೆಂಡು, ಸಿಕ್ಕಿತು; ಅವರು ಶಾಟ್‌ಗೆ ಹೋಗದೆ ಚೆಂಡನ್ನು ಹೊರಗೆ ಡ್ರಿಬಲ್ ಮಾಡಿಕೊಂಡು ಹೋದರು, ಸಮಯ ಮುಗಿಯಿತು, ಹೆಚ್ಚುವರಿ ಅವಧಿಯಲ್ಲಿ ಕ್ಲೀವ್‌ಲ್ಯಾಂಡ್ ಸೋತಿತು. ಆ ಮಟ್ಟದ ಆಟದಲ್ಲೇ ಹೀಗಾಗುವುದಾದರೆ, ಪ್ರತಿ ಬಾರಿ ಗಡಿಯಾರ ನಿಂತಾಗಲೂ ಅಂಕ, ಸಮಯ ಮತ್ತು ಫೌಲ್‌ಗಳನ್ನು ಗಟ್ಟಿಯಾಗಿ ಕೂಗಿ ಹೇಳುವ ಕೆಲಸವನ್ನು ಒಬ್ಬ ಆಟಗಾರನಿಗೆ ವಹಿಸಿಕೊಡಲು ಯಾವ ತಂಡವೂ ಸಂಕೋಚಪಡಬೇಕಿಲ್ಲ.

ಒಂದರ ಬದಲಿಗೆ ಎರಡು ಸರದಿ

ಗಡಿಯಾರದಲ್ಲಿ ಸುಮಾರು 35ರಿಂದ 40 ಸೆಕೆಂಡ್ ಇರುವಾಗ ಚೆಂಡು ನಿಮ್ಮ ಕೈಯಲ್ಲಿದ್ದರೆ, ಉಳಿದ ಸಮಯದಲ್ಲಿ ಎದುರಾಳಿಗೆ ಒಂದು ಸರದಿಯೂ ನಿಮಗೆ ಎರಡು ಸರದಿಯೂ ಸಿಗುವಂತೆ ಮಾಡಿಕೊಳ್ಳಲು ಸಾಧ್ಯವಿದೆ. ನೀವು 32 ಸೆಕೆಂಡ್ ಇರುವಾಗ ಶಾಟ್ ಹೊಡೆದರೆ, ಎದುರಾಳಿ ತನ್ನ 24 ಸೆಕೆಂಡ್‌ಗಳನ್ನು ಪೂರ್ತಿ ಬಳಸಿಕೊಂಡರೂ ನಿಮಗೆ ಆರೇಳು ಸೆಕೆಂಡ್ ಉಳಿಯುತ್ತದೆ. ಅಂಕ ಸಮವಾಗಿದ್ದಾಗ ಅಥವಾ ನೀವು ಒಂದೆರಡು ಅಂಕ ಹಿಂದಿದ್ದಾಗ ಈ ಹೆಚ್ಚುವರಿ ಸರದಿಗೆ ಬೆಲೆ ಬಹಳ. ಆದರೆ ಸರದಿ ಗಳಿಸುವ ಆತುರದಲ್ಲಿ ಹೊಡೆದ ಕೆಟ್ಟ ಶಾಟ್ ಒಂದು ಒಳ್ಳೆಯ ಶಾಟ್‌ನ ಅವಕಾಶವನ್ನೇ ತಿಂದುಹಾಕುತ್ತದೆ ಎಂಬುದನ್ನೂ ತೂಗಿ ನೋಡಬೇಕು. ಎಂಟು ಹತ್ತು ಸೆಕೆಂಡ್‌ಗಳಲ್ಲಿ ಮುಗಿಯುವ, ತಂಡಕ್ಕೆ ಚೆನ್ನಾಗಿ ಒಗ್ಗಿದ ಪಿಕ್ ಅಂಡ್ ರೋಲ್ (ಸಹ ಆಟಗಾರನೊಬ್ಬ ಡಿಫೆಂಡರ್‌ಗೆ ಅಡ್ಡ ನಿಂತು, ಬಳಿಕ ರಿಂಗ್‌ನತ್ತ ಓಡುವ ಪ್ಲೇ) ಒಂದು ಇಲ್ಲದಿದ್ದರೆ ಈ ಲೆಕ್ಕಕ್ಕೆ ಕೈಹಾಕದಿರುವುದೇ ಮೇಲು. ನೀವು ಮುಂದಿದ್ದರಂತೂ ಇದರ ಗೊಡವೆಯೇ ಬೇಡ.

ಇದರ ಅತ್ಯುತ್ತಮ ನಿದರ್ಶನ 1998ರ ಎನ್‌ಬಿಎ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿದೆ. 41.9 ಸೆಕೆಂಡ್ ಉಳಿದಿರುವಾಗ ಜಾನ್ ಸ್ಟಾಕ್‌ಟನ್ ಹೊಡೆದ ಮೂರು ಅಂಕದ ಶಾಟ್‌ನಿಂದ ಯೂಟಾ ತಂಡ 86–83ರಿಂದ ಮುಂದಿತ್ತು. ಅಂತರ ಮೂರಿದ್ದರೂ ಶಿಕಾಗೊದ ಮೈಕಲ್ ಜೋರ್ಡನ್ ಮೂರು ಅಂಕಕ್ಕೆ ಪ್ರಯತ್ನಿಸದೆ ನೇರವಾಗಿ ರಿಂಗ್‌ನತ್ತ ನುಗ್ಗಿ, 37.1 ಸೆಕೆಂಡ್ ಇರುವಾಗಲೇ ಲೇಅಪ್ ಹಾಕಿ ಅಂತರವನ್ನು ಒಂದಕ್ಕೆ ಇಳಿಸಿದರು. ಐದು ಸೆಕೆಂಡ್ ಒಳಗೆ ಬಂದ ಆ ಎರಡು ಅಂಕಗಳಿಂದಾಗಿ, ಎದುರಾಳಿ 24 ಸೆಕೆಂಡ್ ಬಳಸಿದರೂ ಕೊನೆಯ ಸರದಿ ಶಿಕಾಗೊಗೆ ಖಚಿತವಾಯಿತು. ಬಳಿಕ ಕಾರ್ಲ್ ಮಲೋನ್ ಕೈಯಿಂದ ಜೋರ್ಡನ್ ಚೆಂಡನ್ನು ಕಸಿದು, ಟೈಮ್‌ಔಟ್ ಕೇಳದೆ ಮುಂದೆ ಬಂದು, 5.2 ಸೆಕೆಂಡ್ ಇರುವಾಗ ಹೊಡೆದ ಶಾಟ್ ಪಂದ್ಯವನ್ನು 87–86ಕ್ಕೆ ತಂದು ಮುಗಿಸಿತು. ಎಲ್ಲರ ನೆನಪಿನಲ್ಲಿ ಉಳಿದಿರುವುದು ಆ ಕೊನೆಯ ಶಾಟ್. ತಂತ್ರ ಕಲಿಯುವವರು ನೋಡಬೇಕಾದದ್ದು ಅದಕ್ಕೂ ಮೊದಲಿನ ಲೇಅಪ್ಪನ್ನು.

ಅಂತರಕ್ಕೆ ತಕ್ಕ ದಾಳಿ

ಮುಂದಿರುವ ತಂಡಗಳು ಹೆಚ್ಚಾಗಿ ಎಡವುವುದು ಆಟವನ್ನು ಅತಿ ಬೇಗ ನಿಧಾನಗೊಳಿಸುವುದರಿಂದ. ಎರಡು ನಿಮಿಷ ಉಳಿದಿರುವಾಗಲೇ ಚೆಂಡನ್ನು ಹಿಡಿದು ನಿಂತು, ಆ 24 ಸೆಕೆಂಡ್‌ಗಳನ್ನು ಎಣಿಸುವ ಶಾಟ್ ಕ್ಲಾಕ್‌ನಲ್ಲಿ ಐದು ಸೆಕೆಂಡ್ ಇರುವಾಗ ದಾಳಿ ಆರಂಭಿಸಿದರೆ, ಸರದಿಗೊಂದರಂತೆ ಕೈಮೀರಿದ ಶಾಟ್‌ಗಳನ್ನೇ ಹೊಡೆಯಬೇಕಾಗುತ್ತದೆ. ಸಮಯ ಕಳೆಯುವುದು ಸರಿ, ಆದರೆ ಶಾಟ್ ಕ್ಲಾಕ್ 12ರ ಆಸುಪಾಸಿಗೆ ಬರುವಷ್ಟರಲ್ಲಿ ಮೊದಲ ಸ್ಕ್ರೀನ್ (ಡಿಫೆಂಡರ್‌ನ ದಾರಿಗೆ ಸಹ ಆಟಗಾರ ಅಡ್ಡ ನಿಲ್ಲುವುದು) ಬಿದ್ದಿರಬೇಕು. ಅದು ಫಲಿಸದಿದ್ದರೆ ಎರಡನೆಯದಕ್ಕೆ ಆಗ ಸಮಯವಿರುತ್ತದೆ. ಗಡಿಯಾರದಲ್ಲಿ 24 ಸೆಕೆಂಡ್‌ಗಿಂತ ಕಡಿಮೆ ಉಳಿದು ಶಾಟ್ ಕ್ಲಾಕ್ ಆರಿದ ಮೇಲೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಎದುರಾಳಿ ಫೌಲ್ ಮಾಡಿಯೇ ತೀರುತ್ತದೆ ಎಂದುಕೊಂಡು, ಫ್ರೀ ಥ್ರೋದಲ್ಲಿ ನೆಚ್ಚಬಹುದಾದ ಐವರನ್ನು ಅಂಗಳಕ್ಕಿಳಿಸಿ, ಚೆಂಡು ಅವರ ನಡುವೆಯೇ ಓಡಾಡುವಂತೆ ನೋಡಿಕೊಳ್ಳಬೇಕು. ಎತ್ತರದ, ಆದರೆ ಫ್ರೀ ಥ್ರೋದಲ್ಲಿ ಕೈನಡುಗುವ ಆಟಗಾರನನ್ನು ಡಿಫೆನ್ಸ್‌ಗೆ ಬೇಕೆಂದು ಅಂಗಳದಲ್ಲಿ ಉಳಿಸಿಕೊಂಡರೆ, ಆತ ಚೆಂಡಿನಿಂದ ದೂರ ಇರಬೇಕೆಂಬುದನ್ನು ಮೊದಲೇ ತಿಳಿಸಿರಬೇಕು.

ಅಂಕ ಸಮವಾಗಿದ್ದು ಕೊನೆಯ ಸರದಿ ನಿಮ್ಮದಾದರೆ ಪ್ಲೇ ಆರಂಭವಾಗುವ ಕ್ಷಣವೇ ಮುಖ್ಯ. ದಾಳಿ ಎಂಟು ಹತ್ತು ಸೆಕೆಂಡ್ ಇರುವಾಗ ಹೊರಟು, ಶಾಟ್ ಮೂರು ನಾಲ್ಕು ಸೆಕೆಂಡ್ ಇರುವಾಗ ಕೈಯಿಂದ ಹೊರಟರೆ, ತಪ್ಪಿದ ಚೆಂಡನ್ನು ರಿಂಗ್ ಬಳಿ ಮತ್ತೆ ಒಳಗೆ ತಳ್ಳಲು ಒಂದು ಅವಕಾಶವಿರುತ್ತದೆ. ಎದುರಾಳಿಗಾದರೋ ಏನನ್ನಾದರೂ ಕಟ್ಟುವಷ್ಟು ಸಮಯ ಉಳಿದಿರುವುದಿಲ್ಲ. ಒಂದು ಅಂಕ ಹಿಂದಿದ್ದರೆ ಇದೇ ದಾಳಿಯನ್ನು ಮತ್ತೂ ಬೇಗ ಆರಂಭಿಸಬೇಕು, ಏಕೆಂದರೆ ಶಾಟ್ ತಪ್ಪಿ ಚೆಂಡು ಎದುರಾಳಿಯ ಪಾಲಾದರೂ ಫೌಲ್ ಮಾಡಿ ಇನ್ನೊಂದು ಸರದಿ ಗಳಿಸುವಷ್ಟು ಸಮಯ ಕೈಯಲ್ಲಿರಬೇಕು. ಬಜರ್ ಜೊತೆಜೊತೆಗೇ ಚೆಂಡು ಬಲೆಯೊಳಗೆ ಬೀಳುವ ದೃಶ್ಯ ಟಿವಿಗೆ ಚೆಂದ, ಹಿಂದಿರುವ ತಂಡಕ್ಕೆ ಅದು ಗುರಿಯಾಗಬಾರದು.

ಎರಡು ಅಂಕ ಹಿಂದಿದ್ದು ಕೊನೆಯ ಸರದಿಯಾಗಿದ್ದರೆ ಸಮ ಮಾಡಿಕೊಳ್ಳುವುದೋ, ಗೆದ್ದೇಬಿಡುವುದೋ ಎಂಬ ಹಳೆಯ ಚರ್ಚೆ ಎದುರಾಗುತ್ತದೆ. ಒಂದು ಸರಳ ಅಂದಾಜು ಮಾಡಿ ನೋಡಬಹುದು. ನಿಮ್ಮ ತಂಡ ಎರಡು ಅಂಕದ ಶಾಟ್‌ಗಳಲ್ಲಿ ನೂರಕ್ಕೆ 50ನ್ನು ಹಾಕುತ್ತದೆ, ಹೆಚ್ಚುವರಿ ಅವಧಿಯಲ್ಲಿ ಗೆಲ್ಲುವ ಸಾಧ್ಯತೆ ಅರ್ಧ ಎಂದಿಟ್ಟುಕೊಂಡರೆ, ಎರಡು ಅಂಕಕ್ಕೆ ಹೋಗಿ ಕೊನೆಗೆ ಗೆಲ್ಲುವ ಸಾಧ್ಯತೆ ನೂರಕ್ಕೆ 25. ಮೂರು ಅಂಕದ ಶಾಟ್‌ಗಳಲ್ಲಿ ನೂರಕ್ಕೆ 33ನ್ನು ಹಾಕುವ ಆಟಗಾರನಿಗೆ ಒಳ್ಳೆಯ ಅವಕಾಶ ಸಿಕ್ಕರೆ ಗೆಲುವಿನ ಸಾಧ್ಯತೆಯೂ ನೇರವಾಗಿ 33. ಕಾಗದದ ಮೇಲೆ ಮೂರು ಅಂಕದ ದಾರಿಯೇ ಮೇಲು. ನೀವು ದುರ್ಬಲ ತಂಡವಾಗಿದ್ದು ಹೆಚ್ಚುವರಿ ಅವಧಿಯಲ್ಲಿ ಗೆಲ್ಲುವುದು ಕಷ್ಟವೆನಿಸಿದರಂತೂ ಇನ್ನೂ ಮೇಲು. ಆದರೆ ಈ ಲೆಕ್ಕದಲ್ಲಿ ಕಾಣದ ಸಂಗತಿಗಳೂ ಇವೆ. ರಿಂಗ್‌ನತ್ತ ನುಗ್ಗಿದವನಿಗೆ ಫೌಲ್ ಸಿಗಬಹುದು, ಮೂರು ಅಂಕದ ಗೆರೆಯನ್ನೇ ಕಾಯುತ್ತಿರುವ ಡಿಫೆನ್ಸ್ ಒಳಗಿನ ದಾರಿಯನ್ನು ತೆರೆದು ಬಿಟ್ಟಿರಬಹುದು, ಎದುರಾಳಿಯ ಪ್ರಮುಖ ಆಟಗಾರ ಐದು ಫೌಲ್‌ಗಳಿಂದ ಆಗಲೇ ಹೊರಗೆ ಕುಳಿತಿರಬಹುದು. ಆದ್ದರಿಂದ ಒಳನುಗ್ಗುವುದರಿಂದ ಆರಂಭವಾಗಿ, ಡಿಫೆನ್ಸ್ ಒಳಗೆ ಕುಸಿದರೆ ಮೂಲೆಯಲ್ಲಿರುವ ಶೂಟರ್‌ಗೆ ಪಾಸ್ ಹೋಗುವ ಪ್ಲೇ ಇಲ್ಲಿ ಒಳ್ಳೆಯ ಆಯ್ಕೆ. ಎರಡೋ ಮೂರೋ ಎಂಬುದನ್ನು ಡಿಫೆನ್ಸೇ ತೀರ್ಮಾನಿಸಿಕೊಡುತ್ತದೆ. ಫೀಬಾ ಅಂಗಳದಲ್ಲಿ ಮೂರು ಅಂಕದ ಗೆರೆ 6.75 ಮೀಟರ್ ದೂರದಲ್ಲಿದ್ದು, ಪಕ್ಕದ ಗೆರೆಗೆ ಸಮಾನಾಂತರವಾಗಿ ಸಾಗುವ ಮೂಲೆಯ ಭಾಗದಲ್ಲಿ 6.60 ಮೀಟರ್‌ಗೆ ಇಳಿಯುವುದರಿಂದಲೂ ಮೂಲೆ ಲಾಭದಾಯಕ ಜಾಗ.

ಮೂರು ಅಂಕ ಹಿಂದಿದ್ದಾಗ ಉಳಿದ ಸಮಯ ನೋಡದೆ ಮೂರು ಅಂಕದ ಶಾಟ್‌ಗೆ ಹಾತೊರೆಯುವುದು ಸಾಮಾನ್ಯ. ಹದಿನೈದು ಸೆಕೆಂಡ್‌ಗಿಂತ ಹೆಚ್ಚು ಉಳಿದಿದ್ದು ರಿಂಗ್‌ನ ದಾರಿ ತೆರೆದಿದ್ದರೆ, ಬೇಗನೆ ಎರಡು ಅಂಕ ಗಳಿಸಿ ಕೂಡಲೇ ಫೌಲ್ ಮಾಡುವುದು ಜಾಣತನ. ಎದುರಾಳಿ ಎರಡೂ ಫ್ರೀ ಥ್ರೋ ಹಾಕಿದರೆ ಅಂತರ ಮತ್ತೆ ಮೂರೇ ಆಗುತ್ತದೆ, ಕಳೆದುಕೊಂಡದ್ದು ಕೆಲವು ಸೆಕೆಂಡ್ ಮಾತ್ರ. ಒಂದು ತಪ್ಪಿದರೂ ಅಂತರ ಎರಡಕ್ಕಿಳಿಯುತ್ತದೆ. ಹತ್ತು ಹನ್ನೆರಡು ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಮಾತ್ರ ಮೂರು ಅಂಕವೇ ಬೇಕು, ಆಗಲೂ ಮೊದಲ ಶಾಟ್ ತಡವಾಗಬಾರದು. 2013ರ ಎನ್‌ಬಿಎ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ 92–95ರಿಂದ ಹಿಂದಿದ್ದ ಮಯಾಮಿಯ ಲೆಬ್ರಾನ್ ಜೇಮ್ಸ್ ಮೂರು ಅಂಕಕ್ಕೆ ಹೊಡೆದ ಶಾಟ್ ತಪ್ಪಿತ್ತು. ಸಮಯವಿದ್ದುದರಿಂದಲೇ ಕ್ರಿಸ್ ಬಾಷ್ ರೀಬೌಂಡ್ ಹಿಡಿದು, ಹಿಮ್ಮುಖವಾಗಿ ಮೂಲೆಗೆ ಸರಿದಿದ್ದ ರೇ ಅಲನ್‌ಗೆ ಪಾಸ್ ಕೊಡಲು ಸಾಧ್ಯವಾಯಿತು, 5.2 ಸೆಕೆಂಡ್ ಇರುವಾಗ ಬಿದ್ದ ಆ ಶಾಟ್‌ನಿಂದ ಅಂಕ ಸಮವಾಗಿ, ಮಯಾಮಿ ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಗೆದ್ದಿತು. ಮೂರು ಅಂಕಕ್ಕೆ ಹೊಡೆದ ಚೆಂಡು ತಪ್ಪಿದರೆ ಎರಡನೆಯ ಶಾಟ್ ಎಲ್ಲಿಂದ ಬರಬೇಕು ಎಂಬುದನ್ನೂ ಪ್ಲೇಯೊಳಗೇ ಸೇರಿಸಿಕೊಳ್ಳುವುದು ಇದರಿಂದ ಕಲಿಯಬೇಕಾದದ್ದು.

ಮೂರು ಅಂಕ ಮುಂದಿರುವ ಎದುರಾಳಿ, ಮೂರು ಅಂಕದ ಶಾಟ್‌ಗೇ ಆಸ್ಪದವಿಲ್ಲದಂತೆ ಬೇಕೆಂದೇ ಫೌಲ್ ಮಾಡಿ ನಿಮ್ಮನ್ನು ಎರಡು ಫ್ರೀ ಥ್ರೋಗಳಿಗೆ ಕಟ್ಟಿಹಾಕಬಹುದು. ಅಂಥ ಫೌಲ್ ಹೆಚ್ಚಾಗಿ ಬೀಳುವುದು ಚೆಂಡು ಹಿಡಿದವನು ರಿಂಗ್‌ಗೆ ಬೆನ್ನು ಹಾಕಿ ಡ್ರಿಬಲ್ ಮಾಡುತ್ತಿರುವಾಗ. ಗೆರೆಯ ಹೊರಗೆ ಮೊಣಕಾಲು ಮಡಿಸಿಕೊಂಡೇ ಪಾಸ್ ಹಿಡಿದು, ಹಿಡಿದ ಓಘದಲ್ಲಿಯೇ ಶಾಟ್‌ಗೆ ಏಳುವ ಆಟಗಾರನ ಮೇಲೆ ಕೈಹಾಕಲು ಎದುರಾಳಿ ಹಿಂಜರಿಯುತ್ತದೆ, ಏಕೆಂದರೆ ಶಾಟ್‌ನ ನಡುವೆ ಫೌಲ್ ಆದರೆ ಮೂರು ಫ್ರೀ ಥ್ರೋ ಕೊಡಬೇಕಾಗುತ್ತದೆ. ಎರಡೇ ಫ್ರೀ ಥ್ರೋ ಸಿಕ್ಕು ಮೂರು ನಾಲ್ಕು ಸೆಕೆಂಡ್ ಮಾತ್ರ ಉಳಿದಿದ್ದರೆ, ಮೊದಲನೆಯದನ್ನು ಹಾಕಿ ಎರಡನೆಯದನ್ನು ಬೇಕೆಂದೇ ತಪ್ಪಿಸುವ ದಾರಿಯಿದೆ. ಆದರೆ ಚೆಂಡು ರಿಂಗ್‌ಗೆ ತಾಗಲೇಬೇಕು, ತಾಗುವ ಮೊದಲು ಹೊಡೆದವನು ಗೆರೆ ದಾಟುವಂತಿಲ್ಲ. ತಪ್ಪಿದ ಚೆಂಡನ್ನು ಯಾರಾದರೂ ಮುಟ್ಟಿದ ಮೇಲಷ್ಟೇ ಗಡಿಯಾರ ಓಡುತ್ತದೆ ಎಂಬುದು ನಿಮಗೆ ಅನುಕೂಲ.

ಯಾರ ಎದುರು, ಯಾವ ಪ್ಲೇ

ಪಂದ್ಯದ ಕೊನೆಯಲ್ಲಿ ಬಹುತೇಕ ತಂಡಗಳು ಪ್ರತಿ ಸ್ಕ್ರೀನ್‌ಗೂ ಡಿಫೆಂಡರ್‌ಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದನ್ನು ಸ್ವಿಚ್ ಎನ್ನುತ್ತಾರೆ. ಆದ್ದರಿಂದ ಸ್ಕ್ರೀನ್ ಹಾಕುವವನನ್ನು ಆರಿಸುವುದೆಂದರೆ ಎದುರಾಳಿಯ ಯಾವ ಡಿಫೆಂಡರ್ ನಿಮ್ಮ ಚೆಂಡು ಹಿಡಿದವನ ಮುಂದೆ ಬಂದು ನಿಲ್ಲಬೇಕು ಎಂಬುದನ್ನೇ ಆರಿಸಿದಂತೆ. 2016ರ ಎನ್‌ಬಿಎ ಫೈನಲ್ಸ್‌ನ ಏಳನೆಯ ಪಂದ್ಯ 89–89ರಲ್ಲಿ ನಿಂತಿದ್ದಾಗ, ಕ್ಲೀವ್‌ಲ್ಯಾಂಡ್ ಸ್ಕ್ರೀನ್ ಮೂಲಕ ಎದುರಾಳಿಯ ಸ್ಟೀಫನ್ ಕರಿ ತನ್ನ ಆಟಗಾರ ಕೈರಿ ಅರ್ವಿಂಗ್ ಎದುರು ಬರುವಂತೆ ಮಾಡಿಕೊಂಡಿತು. 53 ಸೆಕೆಂಡ್ ಇರುವಾಗ ಅರ್ವಿಂಗ್ ಹೊಡೆದ ಮೂರು ಅಂಕದ ಶಾಟ್ ಪಂದ್ಯವನ್ನು ತಿರುಗಿಸಿತು. ಒಂಟಿ ಆಟದಂತೆ ಕಾಣುವ ಇಂಥ ಶಾಟ್‌ನ ಹಿಂದೆಯೂ ಒಂದು ಆಯ್ಕೆ ಇರುತ್ತದೆ. ನಿಮ್ಮ ತಂಡದಲ್ಲಿ ಅಂಥ ಆಟಗಾರ ಇಲ್ಲವೆಂದಾದರೂ ಎದುರಾಳಿಯಲ್ಲಿ ನಾಲ್ಕು ಫೌಲ್ ಹೊತ್ತವನೋ, ಕಾಲು ಸೋತವನೋ, ಕುಳ್ಳನೋ ಒಬ್ಬನಾದರೂ ಇದ್ದೇ ಇರುತ್ತಾನೆ. ಮೂರನೆಯ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಅವನು ಯಾರೆಂದು ಗುರುತಿಸಿಟ್ಟುಕೊಂಡಿರಬೇಕು.

ಇಷ್ಟಾದ ಮೇಲೆ ಎದುರಾಳಿ ಇಬ್ಬರನ್ನು ಒಬ್ಬನ ಮೇಲೆ ಬಿಟ್ಟರೆ ಚೆಂಡು ಎಲ್ಲಿಗೆ ಹೋಗಬೇಕೆಂಬುದೂ ತೀರ್ಮಾನವಾಗಿರಬೇಕು. 1997ರ ಎನ್‌ಬಿಎ ಫೈನಲ್ಸ್‌ನ ಆರನೆಯ ಪಂದ್ಯದ ಕೊನೆಯಲ್ಲಿ, 86–86 ಸಮವಾಗಿದ್ದಾಗ, ಸ್ಟಾಕ್‌ಟನ್ ತಾವು ಕಾಯುತ್ತಿದ್ದ ಆಟಗಾರನನ್ನು ಬಿಟ್ಟು ಜೋರ್ಡನ್ ಮೇಲೆ ನುಗ್ಗಿದರು. ಜೋರ್ಡನ್ ಒಂಟಿಯಾಗಿದ್ದ ಸ್ಟೀವ್ ಕರ್‌ಗೆ ಪಾಸ್ ಕೊಟ್ಟರು, ಕರ್ ಹೊಡೆದ ಶಾಟ್ ಬಿತ್ತು. ಶೂಟರ್‌ಗಳು ಮೂಲೆಗಳಲ್ಲಿ ಮತ್ತು ಗೆರೆಯ ಹೊರಗೆ ಅಗಲವಾಗಿ ಹರಡಿ ನಿಂತಿರಬೇಕೆನ್ನುವುದು ಇದಕ್ಕಾಗಿಯೇ: ಸಹಾಯಕ್ಕೆ ಓಡಿಬರುವ ಡಿಫೆಂಡರ್ ಹಿಂದಿರುಗಲು ಹೆಚ್ಚು ದೂರ ಓಡಬೇಕಾಗುತ್ತದೆ.

ಟೈಮ್‌ಔಟ್ ಮತ್ತು ಚೆಂಡನ್ನು ಒಳಗೆ ತರುವುದು

ಫೀಬಾ ನಿಯಮದಲ್ಲಿ ಎರಡನೆಯ ಅರ್ಧಕ್ಕೆ ಮೂರು ಟೈಮ್‌ಔಟ್‌ಗಳಿದ್ದು, ಅವುಗಳಲ್ಲಿ ಎರಡನ್ನು ಮಾತ್ರ ಕೊನೆಯ ಎರಡು ನಿಮಿಷಗಳಲ್ಲಿ ಬಳಸಬಹುದು. ಎನ್‌ಬಿಎಯಲ್ಲಿರುವಂತೆ ಚೆಂಡು ಹಿಡಿದ ಆಟಗಾರನೇ ಆಟದ ನಡುವೆ ಟೈಮ್‌ಔಟ್ ಕೇಳಲು ಇಲ್ಲಿ ಬರುವುದಿಲ್ಲ. ಕೋರಿಕೆ ಬೆಂಚಿನಿಂದ ಹೋಗಬೇಕು, ಆಟ ನಿಂತಾಗ ಅಥವಾ ಎದುರಾಳಿಯ ಬಾಸ್ಕೆಟ್ ಬಿದ್ದಾಗಲಷ್ಟೇ ಅದು ಸಿಗುತ್ತದೆ. ಆದ್ದರಿಂದ ರೀಬೌಂಡ್ ಹಿಡಿದ ಮೇಲೆ ಏನು ಮಾಡಬೇಕೆಂಬುದು ಅದಕ್ಕೆ ಮೊದಲಿನ ವಿರಾಮದಲ್ಲೇ ಹೇಳಿ ಮುಗಿದಿರಬೇಕು. ಟೈಮ್‌ಔಟ್ ಸಿಗುವಾಗಲೂ ಅದು ಸದಾ ಲಾಭವಲ್ಲ: ಚದುರಿಹೋದ ಡಿಫೆನ್ಸ್‌ಗೆ ಒಟ್ಟುಗೂಡಲು, ಒಳ್ಳೆಯ ಡಿಫೆಂಡರ್‌ಗಳನ್ನು ಅಂಗಳಕ್ಕಿಳಿಸಲು ಅದೇ ನಿಮಿಷ ಸಾಕು.

ಕೊನೆಯ ಎರಡು ನಿಮಿಷಗಳಲ್ಲಿ ಟೈಮ್‌ಔಟ್ ತೆಗೆದುಕೊಂಡ ತಂಡ, ತನ್ನ ಅರ್ಧದಿಂದ ಒಳಗೆ ಹಾಕಬೇಕಿದ್ದ ಚೆಂಡನ್ನು ಎದುರಾಳಿಯ ಅರ್ಧದಿಂದ ಹಾಕಬಹುದು. ಬಹಳ ಮಂದಿ ಯೋಚಿಸದೆಯೇ ಇದನ್ನು ಒಪ್ಪಿಕೊಳ್ಳುತ್ತಾರೆ. ಆದರೆ ಫೀಬಾ ನಿಯಮದಂತೆ ಹಾಗೆ ಮುಂದೆ ಒಯ್ದರೆ ಶಾಟ್ ಕ್ಲಾಕ್‌ನಲ್ಲಿ ಗರಿಷ್ಠ 14 ಸೆಕೆಂಡ್ ಮಾತ್ರ ಇರುತ್ತದೆ. ಅಂಕ ಸಮವಾಗಿದ್ದು, ಎದುರಾಳಿಯ ಬಾಸ್ಕೆಟ್ ಬಿದ್ದ ಬಳಿಕ 20 ಸೆಕೆಂಡ್ ಉಳಿದಿದ್ದರೆ, ಮುಂದಿನಿಂದ ಆರಂಭಿಸುವ ತಂಡ ಆರು ಸೆಕೆಂಡ್ ಇರುವಾಗಲೇ ಶಾಟ್ ಹೊಡೆಯಬೇಕಾಗಿ ಬಂದು ಎದುರಾಳಿಗೆ ಇನ್ನೊಂದು ಸರದಿಯನ್ನು ತಾನೇ ಕೊಟ್ಟಂತಾಗುತ್ತದೆ. ಹಿಂದಿನಿಂದಲೇ ಆರಂಭಿಸಿದರೆ ಪೂರ್ತಿ ಸಮಯ ನಿಮ್ಮದು. ಹಿಂದಿದ್ದು ನಾಲ್ಕೈದು ಸೆಕೆಂಡ್ ಮಾತ್ರ ಉಳಿದಿರುವಾಗ ಮುಂದೆ ಒಯ್ಯುವುದರಲ್ಲಿ ಎರಡು ಮಾತಿಲ್ಲ.

ಒಳಗೆ ಚೆಂಡು ಹಾಕುವವನಿಗೆ ಐದು ಸೆಕೆಂಡ್ ಸಮಯವಿರುತ್ತದೆ. ಈ ಕೆಲಸಕ್ಕೆ ಎತ್ತರವಿರುವ, ಗಾಬರಿಯಾಗದ, ಒಳ್ಳೆಯ ಪಾಸ್ ಕೊಡುವವನು ಬೇಕು. 1992ರ ಅಮೆರಿಕದ ಕಾಲೇಜು ಟೂರ್ನಿಯಲ್ಲಿ ಕೆಂಟಕಿ ವಿರುದ್ಧ ಒಂದು ಅಂಕ ಹಿಂದಿದ್ದ ಡ್ಯೂಕ್ ತಂಡಕ್ಕೆ ಉಳಿದಿದ್ದು 2.1 ಸೆಕೆಂಡ್; ಪಾಸ್ ಕೊಡುತ್ತಿದ್ದ ಗ್ರಾಂಟ್ ಹಿಲ್ ಎದುರು ಕೆಂಟಕಿ ಯಾರನ್ನೂ ನಿಲ್ಲಿಸಿರಲಿಲ್ಲ. ಅಂಗಳದ ಬಹುಭಾಗವನ್ನು ದಾಟಿ ಬಂದ ಪಾಸನ್ನು ಕ್ರಿಶ್ಚಿಯನ್ ಲೇಟ್ನರ್ ಹಿಡಿದು, ಒಮ್ಮೆ ಡ್ರಿಬಲ್ ಮಾಡಿ, ತಿರುಗಿ ಹೊಡೆದು ಪಂದ್ಯವನ್ನು 104–103ರಿಂದ ಗೆಲ್ಲಿಸಿದರು. ಎರಡು ಸೆಕೆಂಡ್ ಎಂದರೆ ಹಿಡಿದು, ಒಮ್ಮೆ ತಟ್ಟಿ, ರಿಂಗ್ ನೋಡಿ ಹೊಡೆಯುವಷ್ಟು ಸಮಯ ಎಂದು ಆಟಗಾರರಿಗೆ ಮನದಟ್ಟಾಗಿದ್ದರೆ ಚೆಂಡು ಸಿಕ್ಕ ಕೂಡಲೇ ಎಸೆದುಬಿಡುವ ಚಟ ಕಡಿಮೆಯಾಗುತ್ತದೆ. ಚೆಂಡನ್ನು ಹಿಡಿದು ಹೊಡೆಯಲು ಗಡಿಯಾರದಲ್ಲಿ ಕನಿಷ್ಠ 0.3 ಸೆಕೆಂಡ್ ಇರಲೇಬೇಕು, 0.2 ಅಥವಾ 0.1 ಇದ್ದರೆ ಗಾಳಿಯಲ್ಲೇ ತಟ್ಟುವ ಅಥವಾ ನೇರವಾಗಿ ಡಂಕ್ ಮಾಡುವ (ಮೇಲಿನಿಂದ ರಿಂಗ್‌ನೊಳಗೆ ತುರುಕುವ) ಪ್ರಯತ್ನ ಮಾತ್ರ ಮಾನ್ಯ, ಆದ್ದರಿಂದ ಆಗ ಪಾಸ್ ರಿಂಗ್‌ನ ಪಕ್ಕದ ಎತ್ತರಕ್ಕೇ ಹೋಗಬೇಕು.

ಇಷ್ಟನ್ನೂ ಟೈಮ್‌ಔಟ್‌ನ ಒಂದು ನಿಮಿಷದಲ್ಲಿ ಕಲಿಸಲು ಆಗುವುದಿಲ್ಲ, ಆ ನಿಮಿಷದಲ್ಲಿ ಹೊಸ ಪ್ಲೇ ಬರೆದುಕೊಡುವುದಕ್ಕಿಂತ ದುರ್ಬಲವಾದ ಉಪಯೋಗ ಅದಕ್ಕೆ ಇನ್ನೊಂದಿಲ್ಲ. ಒಳನುಗ್ಗಲು ಒಂದು, ಮೂರು ಅಂಕಕ್ಕೆ ಒಂದು, ಪಕ್ಕದ ಗೆರೆಯಿಂದ ಚೆಂಡು ಒಳಗೆ ತರಲು ಒಂದು, ಹೀಗೆ ಮೂರು ಪ್ಲೇಗಳು ತಂಡಕ್ಕೆ ಸಾಕು. ಪ್ರತಿಯೊಂದಕ್ಕೂ ಡಿಫೆನ್ಸ್ ತಡೆದರೆ ಏನು ಎಂಬ ಎರಡನೆಯ ದಾರಿ ಇರಬೇಕು. ಅಭ್ಯಾಸದ ಕೊನೆಯಲ್ಲಿ, ಆಟಗಾರರ ಕಾಲು ಸೋತಿರುವಾಗ, ಸ್ಕೋರ್‌ಬೋರ್ಡ್‌ನಲ್ಲಿ ಅಂಕ, ಸಮಯ ಮತ್ತು ಫೌಲ್‌ಗಳನ್ನು ಬದಲಿಸಿ ಬದಲಿಸಿ ಹಾಕಿ, ಯಾವ ಪ್ಲೇ ಎಂದು ತರಬೇತುದಾರರು ಹೇಳುವ ಮೊದಲು, ಚೆಂಡನ್ನು ಮುಂದೆ ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಬಾಯಲ್ಲೇ ಹೇಳಿಸಿ ಆಡಿಸಬೇಕು. ಸಮಯ ಹಿಡಿದಿಟ್ಟು ಶಾಟ್‌ಗೆ ಹೋಗುವ ಸಂದರ್ಭವನ್ನೂ ಮೂರು ಅಂಕ ಹಿಂದಿರುವ ಸಂದರ್ಭವನ್ನೂ ಬೆನ್ನುಬೆನ್ನಿಗೆ ಕೊಟ್ಟರೆ, ಲೆಕ್ಕ ತಪ್ಪುತ್ತಿರುವವರು ಯಾರೆಂಬುದು ಅಲ್ಲೇ ತಿಳಿಯುತ್ತದೆ.